ಎರಡು ಹಳದಿ

ಫೆಬ್ರವರಿ ಕೊನೆಯಲ್ಲಿ ಕೊಡಗಿನ ಬೆಳೆಗಾರರು ಮನೆ ಬಿಟ್ಟು ಕದಲುವುದಿಲ್ಲ. ರೊಬಸ್ಟಾ ಕೊಯ್ಲು ಇನ್ನೂ ಪೂರ್ತಿ ಮುಗಿದಿರುವುದಿಲ್ಲ, ಕಣದಲ್ಲಿ ಹಣ್ಣು ಒಣಗುತ್ತಿರುತ್ತದೆ, ಕೊಯ್ಲು ಮುಗಿದ ಕಡೆ ಸ್ಪ್ರಿಂಕ್ಲರ್ ಹಾಕಿ ಹೂವು ಬಿಡಿಸುವ ತರಾತುರಿ. ಅಂಥ ಹೊತ್ತಿನಲ್ಲಿ ನಾನು ಎರಡು ವರ್ಷ ಸತತವಾಗಿ ಹತ್ತು ಹತ್ತು ದಿನ ತೋಟವನ್ನು ಲೆಕ್ಕ ನೋಡುವ ರೈಟರ್ ಕೈಗೊಪ್ಪಿಸಿ ಗುಲ್ಮಾರ್ಗ್‌ಗೆ ಸ್ಕೀ ಕಲಿಯಲು ಹೋದೆ. ಅದೂ ನಲವತ್ತೊಂದನೆಯ ವಯಸ್ಸಿನಲ್ಲಿ. ಅಮ್ಮ ಮೊದಲ ವರ್ಷ ಒಂದೇ ಮಾತು ಹೇಳಿದರು: "ಜಾರಿ ಬೀಳುವುದಕ್ಕೆ ಕಾಶ್ಮೀರದವರೆಗೆ ಯಾಕೆ ಹೋಗಬೇಕು? ಆಟಿ ತಿಂಗಳಲ್ಲಿ ನಮ್ಮ ಅಂಗಳದ ಪಾಚಿ ಸಾಲದೇ?"

ನನ್ನ ಪರವಾಗಿ ನಿಂತವರು ದೊಡ್ಡಪ್ಪ ಒಬ್ಬರೇ. ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದು ಸುಬೇದಾರರಾಗಿ ನಿವೃತ್ತರಾದವರು, ಅದರಲ್ಲಿ ನಾಲ್ಕು ಚಳಿಗಾಲ ಹಿಮದಲ್ಲೇ ಕಳೆದವರು. ಗುಲ್ಮಾರ್ಗ್ ಎಂದ ಕೂಡಲೇ ಅವರಿಗೆ ನೆನಪಾದದ್ದು ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರು. ಈಗ ಅಲ್ಲಿರುವ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ 1948ರಲ್ಲಿ 19ನೇ ಇನ್‌ಫೆಂಟ್ರಿ ಡಿವಿಷನ್ನಿನ ಸ್ಕೀ ಶಾಲೆಯಾಗಿ ಶುರುವಾದದ್ದು. ಆಗ ಆ ಡಿವಿಷನ್ನಿನ ಮುಖ್ಯಸ್ಥರು ನಮ್ಮ ತಿಮ್ಮಯ್ಯನವರೇ. ಅದೇ ವರ್ಷದ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದವರೂ ಅವರೇ. "ಹಿಮದಲ್ಲಿ ಜಾರುವುದು ಕೊಡಗಿನವರಿಗೆ ಹೊಸದೇನಲ್ಲ" ಎಂದು ದೊಡ್ಡಪ್ಪ ಅಮ್ಮನ ಬಾಯಿ ಮುಚ್ಚಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಅಮ್ಮನಿಗೆ ಕೇಳಿಸದಂತೆ, "ಹಗ್ಗ ಕಟ್ಟಿದ ಕಡೆ ಮಾತ್ರ ಆಡು, ಅದರಾಚೆ ಹೋಗಬೇಡ" ಎಂದರು.

ಹೋಗಬೇಡ ಎಂದ ಮೇಲೆ ತಲೆಯಲ್ಲಿ ಉಳಿದದ್ದು ಆ ಆಚೆಯೇ.

ಹಗ್ಗದಾಚೆ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಸ್ಕೀ ತಾಣದಲ್ಲಿ ಯಂತ್ರ ಓಡಿಸಿ ಹದ ಮಾಡಿ, ಅಂಚಿಗೆ ಗುರುತು ನೆಟ್ಟ ಜಾರುಹಾದಿಗಳಿರುತ್ತವೆ. ಯುರೋಪಿನವರು ಅದನ್ನು ಪಿಸ್ಟ್ ಎನ್ನುತ್ತಾರೆ. ಅಲ್ಲಿ ಹಿಮ ಕುಸಿಯದಂತೆ ನೋಡಿಕೊಳ್ಳುವುದು ತಾಣದವರ ಕೆಲಸ. ಅದರಾಚೆ ಇರುವುದು ಬೆಟ್ಟ ಮತ್ತು ಬಿದ್ದ ಹಾಗೆಯೇ ಬಿದ್ದಿರುವ ಹಿಮ. ಗುಲ್ಮಾರ್ಗ್‌ನಲ್ಲಿ ಈ 'ಆಚೆ' ತೀರ ಹತ್ತಿರ. ಗೊಂಡೋಲಾ ಎಂಬ ಕೇಬಲ್ ಕಾರಿನ ಎರಡನೇ ಹಂತ ನಿಮ್ಮನ್ನು ಅಫರ್ವತ್ ಬೆಟ್ಟದಲ್ಲಿ 4,000 ಮೀಟರ್‌ಗೆ ಸ್ವಲ್ಪವೇ ಕಡಿಮೆ ಎತ್ತರದಲ್ಲಿ ಇಳಿಸುತ್ತದೆ. ಕೊಡಗಿನ ಅತಿ ಎತ್ತರದ ನಮ್ಮ ತಡಿಯಂಡಮೋಳ್ 1,748 ಮೀಟರ್. ಅದರ ಎರಡು ಪಟ್ಟಿಗೂ ಮೇಲೆ. ನಿಲ್ದಾಣದ ಕೆಳಗಿನ ಒಂದು ಬೋಗುಣಿಯಂಥ ಭಾಗವನ್ನು ಸ್ಕೀ ಪಟ್ರೋಲ್ ಎಂಬ ಗಸ್ತಿನವರು ನೋಡಿಕೊಳ್ಳುತ್ತಾರೆ. ಎಡಕ್ಕೋ ಬಲಕ್ಕೋ ನೂರು ಹೆಜ್ಜೆ ಹಾಕಿದರೆ ನೋಡಿಕೊಳ್ಳುವವರು ಯಾರೂ ಇಲ್ಲ. ಟಿಕೆಟ್ ಮಾತ್ರ ಒಂದೇ.

ಮೊದಲ ವರ್ಷದ ನನ್ನ ಪೆದ್ದುತನದಿಂದ ಶುರು ಮಾಡುತ್ತೇನೆ. ಎರಡು ದಿನ ಬಿಡದೆ ಹಿಮ ಸುರಿದಿತ್ತು. ಮೂರನೆಯ ದಿನ ಬೆಳಗ್ಗೆ ಕಿಟಕಿ ತೆರೆದರೆ ಆಕಾಶ ಇಂಡಿಗೋ ಹಾಕಿ ಒಗೆದ ಹಾಗೆ ನೀಲಿ. ಮೊಬೈಲ್ ನೋಡಿದೆ. ಹಿಂದಿನ ದಿನ ಇದ್ದ ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆ ಹೋಗಿ ಜಿಲ್ಲೆ ಹಸಿರಾಗಿತ್ತು. ಗೈಡ್ ಬಂದ ಕೂಡಲೇ ಇವತ್ತು ಹಗ್ಗದಾಚೆ ಕರೆದುಕೊಂಡು ಹೋಗಿ ಎಂದೆ. ತಂಗ್ಮಾರ್ಗ್ ಕಡೆಯ ಹುಡುಗ, ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಬೇಡ ಎಂದು ತಲೆಯಾಡಿಸಿದ. ನಾನು ಮೊಬೈಲ್ ಮುಂದೆ ಹಿಡಿದೆ. ಅವನು ಅದನ್ನು ಕೈಗೆ ತೆಗೆದುಕೊಂಡು, ಬಹಳ ಮರ್ಯಾದೆಯಿಂದ ನೋಡಿ, ವಾಪಸು ಕೊಟ್ಟು ಹಿಂದಿಯಲ್ಲಿ ಹೇಳಿದ: "ಮೇಡಂ, ಇದು ಎಷ್ಟು ಹಿಮ ಬೀಳುತ್ತದೆ ಎಂದು ಹೇಳುವುದು. ಬಿದ್ದದ್ದು ಹೇಗೆ ಕೂತಿದೆ ಎಂದು ಹೇಳುವುದಲ್ಲ."

ಇಷ್ಟು ಸರಳವಾದದ್ದು ನನಗೆ, ಅದೂ ಮಕ್ಕಂದೂರು ಕಡೆಯ ತೋಟದವಳಿಗೆ, ಹೊಳೆಯಲಿಲ್ಲವಲ್ಲ ಎಂದು ಮುಖ ಬಿಸಿಯಾಯಿತು. ನಮ್ಮ ಮನೆ ಹಿಂದಿನ ಮಣ್ಣಿನ ಬರೆ ಜರಿದದ್ದು ಯಾವತ್ತು? ಸುರಿಯುತ್ತಿದ್ದ ದಿನವಲ್ಲ. ಮಳೆ ಬಿಟ್ಟು, ಬಿಸಿಲು ಬಂದು, ಅಮ್ಮ ಒದ್ದೆ ಕಂಬಳಿಗಳನ್ನು ಹೊರಗೆ ಹಾಕಿದ ದಿನ, ಮಧ್ಯಾಹ್ನ ಎರಡೂವರೆಗೆ. ಕಂಬಳಿಗಳು ಈಗಲೂ ಅದರಡಿಯಲ್ಲೇ ಇವೆ.

ಆ ಸಂಜೆ ಹೋಟೆಲಿನ ಬುಖಾರಿ ಒಲೆಯ ಪಕ್ಕ ಕೂತು ಸರಿಯಾದ ಮಾಹಿತಿ ಎಲ್ಲಿ ಸಿಗುತ್ತದೆ ಎಂದು ಹುಡುಕತೊಡಗಿದೆ. ಕನ್ನಡದಲ್ಲಿ ಹುಡುಕಿದ್ದು ಮೊದಲ ತಪ್ಪು. ನಮ್ಮ ಪತ್ರಿಕೆಗಳಿಗೆ 'ಹಿಮಪಾತ' ಎಂದರೆ ಎರಡೂ ಹೌದು: ಆಕಾಶದಿಂದ ಹಿಮ ಉದುರುವುದೂ ಹಿಮಪಾತ, ಬೆಟ್ಟದಿಂದ ಹಿಮ ಕುಸಿಯುವುದೂ ಹಿಮಪಾತ. "ಕಾಶ್ಮೀರದಲ್ಲಿ ಹಿಮಪಾತ, ಪ್ರವಾಸಿಗರ ಸಂಭ್ರಮ" ಎನ್ನುವ ಶೀರ್ಷಿಕೆಯ ಕೆಳಗೇ "ಹಿಮಪಾತ: ಯೋಧರ ಸಾವು" ಎಂದಿರುತ್ತದೆ. ಒಂದೇ ಪದ ಸಂಭ್ರಮಕ್ಕೂ ಸಾವಿಗೂ. ನನ್ನ ಗೊಂದಲ ಶುರುವಾದದ್ದೇ ಅಲ್ಲಿ ಎಂದು ಈಗ ಅನ್ನಿಸುತ್ತದೆ. ಭೂಕುಸಿತ ಎನ್ನುವಂತೆ ಹಿಮಕುಸಿತ ಎನ್ನಲು ನಮಗೇನು ಅಡ್ಡಿ? ಕೆಲವರು ಬರೆಯುತ್ತಾರೆ, ಎಲ್ಲರೂ ಬರೆದರೆ ಒಳ್ಳೆಯದು. ಇನ್ನು 'ಮಂಜು' ಎಂದರಂತೂ ಕೊಡಗಿನಲ್ಲಿ ಮಡಿಕೇರಿಯ ರಾಜಾಸೀಟ್‌ನಲ್ಲಿ ನಿಂತವರ ಕ್ಯಾಮೆರಾ ಕೆಡಿಸುವ ವಸ್ತು, ಅಷ್ಟೇ.

ಕನ್ನಡಿಗರಿಗೆ ಈ ಪದದ ಇನ್ನೊಂದು ಅರ್ಥ ಎದೆಗೆ ತಾಗಿದ್ದು 2016ರ ಫೆಬ್ರವರಿಯಲ್ಲಿ. ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನಗಳ ನಂತರ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕಾಗ ನಮ್ಮ ಮನೆಯಲ್ಲಿ ದೊಡ್ಡಪ್ಪ ಟೀವಿಯ ಮುಂದಿನಿಂದ ಏಳಲಿಲ್ಲ. ಫೆಬ್ರವರಿ 11ರಂದು ಹನುಮಂತಪ್ಪ ತೀರಿಕೊಂಡ ಸುದ್ದಿ ಬಂದಾಗ ದೊಡ್ಡಪ್ಪ ಎದ್ದು ಹೋಗಿ ತೋಟದಲ್ಲಿ ಒಬ್ಬರೇ ಸುತ್ತಾಡಿದರು. ಆಮೇಲೆ ಒಂದು ದಿನ, ನಾನು ಕೇಳದೆಯೇ, 2010ರ ವಿಷಯ ಹೇಳಿದರು. ಗುಲ್ಮಾರ್ಗ್‌ನ ಮೇಲಿನ ಖಿಲನ್‌ಮಾರ್ಗ್‌ನಲ್ಲಿ ಅದೇ ಸೇನಾ ಶಾಲೆಯ ತರಬೇತಿಯಲ್ಲಿದ್ದವರ ಮೇಲೆ ಹಿಮ ಕುಸಿದು 17 ಮಂದಿ ಸತ್ತಿದ್ದರು. ಹಿಮದಲ್ಲಿ ಬದುಕುವುದನ್ನು ಕಲಿಯಲು ಹೋದವರು.

ಮರಳಿ ಮಾಹಿತಿಗೆ. ನಮ್ಮ ದೇಶದಲ್ಲಿ ಹಿಮಕುಸಿತದ ಮುನ್ಸೂಚನೆ ಕೊಡುವುದು ರಕ್ಷಣಾ ಸಂಶೋಧನೆಯ ಡಿಆರ್‌ಡಿಒದ ಕೈಕೆಳಗಿನ ಒಂದು ಸಂಸ್ಥೆ. ಬಹಳ ವರ್ಷ ಅದಕ್ಕೆ 'ಸಾಸೆ' ಎಂದು ಹೆಸರಿತ್ತು, ಮನಾಲಿಯಲ್ಲಿ ಅದರ ಕೇಂದ್ರ. 2020ರಲ್ಲಿ ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿಸಿ ಡಿಜಿಆರ್‌ಇ ಎಂದು ಮಾಡಿದರು. ದೊಡ್ಡಪ್ಪನಿಗೆ ಈಗಲೂ ಅದು ಸಾಸೆಯೇ. "ಸಾಸೆಯವರು ರೇಡಿಯೋದಲ್ಲಿ ಹೇಳಿದರೆ ಗಸ್ತು ನಿಲ್ಲುತ್ತಿತ್ತು. ಹೇಳದಿದ್ದರೂ ನಾವು ಸೂರ್ಯ ಏಳುವ ಮುಂಚೆ ನಾಲೆ ದಾಟಿಬಿಡುತ್ತಿದ್ದೆವು" ಎನ್ನುತ್ತಾರೆ. ಆ ಮುನ್ಸೂಚನೆಯನ್ನೇ ಜಮ್ಮು-ಕಾಶ್ಮೀರದ ವಿಪತ್ತು ನಿರ್ವಹಣಾ ಪ್ರಾಧಿಕಾರ ಜನರಿಗೆ ತಲುಪಿಸುತ್ತದೆ. ಅದರ ಧಾಟಿ ಹೀಗೆ: ಇಂಥಿಂಥ ಜಿಲ್ಲೆಗಳಲ್ಲಿ, 2,400 ಅಥವಾ 2,500 ಮೀಟರ್‌ಗಿಂತ ಮೇಲೆ, ಮುಂದಿನ 24 ಗಂಟೆಗಳಲ್ಲಿ, ಮಧ್ಯಮ ಅಪಾಯದ ಹಿಮಕುಸಿತ ಸಂಭವ. ಸರಿ. ಆದರೆ ಗುಲ್ಮಾರ್ಗ್ ಇರುವುದೇ 2,650 ಮೀಟರ್‌ನಲ್ಲಿ. ಆ ಲೆಕ್ಕದಲ್ಲಿ ನಾನು ಕೂತಿದ್ದ ಬುಖಾರಿಯ ಪಕ್ಕದ ಕುರ್ಚಿಯೂ ಆ ಎಚ್ಚರಿಕೆಯೊಳಗೇ ಇತ್ತು.

ಇದು ಅವರ ತಪ್ಪಲ್ಲ. ಜಿಲ್ಲೆಗೆ ಹೇಳಿದ್ದನ್ನು ಇಳಿಜಾರಿಗೆ ಹೇಳಿದ್ದು ಎಂದುಕೊಂಡರೆ ಓದುವವರ ತಪ್ಪು. ಕೊಡಗಿಗೆ ರೆಡ್ ಅಲರ್ಟ್ ಎಂದಾಗ ನಾವೇ ನಗುವುದಿಲ್ಲವೇ? 4,102 ಚದರ ಕಿಲೋಮೀಟರಿನ ಜಿಲ್ಲೆ. ವರ್ಷಕ್ಕೆ 200 ಇಂಚು ದಾಟುವ ಭಾಗಮಂಡಲವೂ ಅದರಲ್ಲೇ, ನಲವತ್ತರ ಆಸುಪಾಸಿನ ಕುಶಾಲನಗರವೂ ಅದರಲ್ಲೇ. ಒಂದೇ ಬಣ್ಣ ಇಬ್ಬರಿಗೂ.

ಸರಿಯಾಗಿ ಓದಲು ಕಲಿಸಿದವನು ಅಕ್ಕನ ಮಗ. ಅವನು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಓದುತ್ತಾನೆ, ಅಂದರೆ ಚಳಿಗಾಲವೆಲ್ಲ ಸ್ಕೀ ಮಾಡುತ್ತಾನೆ, ಉಳಿದ ಹೊತ್ತಿನಲ್ಲಿ ಓದುತ್ತಾನೆ. ಎರಡನೆಯ ವರ್ಷ ಹೊರಡುವ ಮುಂಚೆ ಒಂದು ತಿಂಗಳು ದಿನಾ ಸಂಜೆ ವಿಡಿಯೋ ಕರೆಯಲ್ಲಿ ಆ ದಿನದ ತಿರೋಲ್ ಪ್ರಾಂತ್ಯದ ಹಿಮಕುಸಿತ ವರದಿ ತೆರೆದು, "ಚಿಕ್ಕಮ್ಮ, ಇವತ್ತು ಹೋಗಬಹುದಾ, ಎಲ್ಲಿಗೆ ಹೋಗಬಹುದು, ಹೇಳಿ" ಎಂದು ಪರೀಕ್ಷೆ ಮಾಡುತ್ತಿದ್ದ. ಅಲ್ಲಿ ಮರುದಿನದ ವರದಿ ಹಿಂದಿನ ಸಂಜೆ ಐದು ಗಂಟೆಗೇ ಬರುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ದಾವೋಸ್‌ನ ಎಸ್‌ಎಲ್‌ಎಫ್ ಎಂಬ ಹಿಮ ಸಂಶೋಧನಾ ಸಂಸ್ಥೆಯದೂ ಐದಕ್ಕೇ, ಬೆಳಗ್ಗೆ ಎಂಟಕ್ಕೆ ಮತ್ತೊಮ್ಮೆ ತಿದ್ದುತ್ತಾರೆ. ಚಳಿಗಾಲದಲ್ಲಿ ಆಸ್ಟ್ರಿಯಾದ ಐದು ಗಂಟೆ ಎಂದರೆ ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ, ದಿನದ ಮಳೆಯ ಅಳತೆ ಗುರುತಿಸುವ ಮಳೆ ಪುಸ್ತಕ ಬರೆದು, ಅಜ್ಜಿಯ ಹಳೆಯ ಮಂಚದ ಮೇಲೆ ಕೂತು ಆಲ್ಪ್ಸ್‌ನ ಹಿಮ ಓದುವುದು ನನ್ನ ದಿನಚರಿಯಾಯಿತು.

ಮೊದಲ ವಾರ ನಾನು ನೋಡಿದ್ದು ಅಂಕಿಯನ್ನು ಮಾತ್ರ. ಯುರೋಪಿನಲ್ಲಿ 1993ರಿಂದ ಎಲ್ಲರಿಗೂ ಒಂದೇ ಅಳತೆ, ಒಂದರಿಂದ ಐದು. ಒಂದು ಹಸಿರು, ಎರಡು ಹಳದಿ, ಮೂರು ಕಿತ್ತಳೆ, ನಾಲ್ಕು ಕೆಂಪು, ಐದಕ್ಕೆ ಕೆಂಪಿನ ಜೊತೆ ಕಪ್ಪು. ನೋಡಿ, ಇಲ್ಲೇ ನನ್ನ ಹಳೆಯ ಎಡವಟ್ಟು ಮತ್ತೆ ಕಾದು ಕೂತಿತ್ತು. ನಮ್ಮ ಹವಾಮಾನ ಇಲಾಖೆಯದೂ ಹಸಿರು, ಹಳದಿ, ಕಿತ್ತಳೆ, ಕೆಂಪು. ಬಣ್ಣ ಅದೇ, ಹೇಳುವ ವಿಷಯ ಬೇರೆ. ಇಲಾಖೆಯದು 24 ಗಂಟೆಯಲ್ಲಿ ಬೀಳುವ ಮಳೆಯ ಲೆಕ್ಕದ ಮೇಲೆ ನಿಂತದ್ದು: 64.5 ಮಿಲಿಮೀಟರ್ ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.5 ಆದರೆ ಅತ್ಯಂತ ಭಾರಿ. ತೋಟದ ಭಾಷೆಯಲ್ಲಿ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಹಿಮಕುಸಿತದ ಬಣ್ಣಕ್ಕೆ ಅವತ್ತಿನ ಆಕಾಶ ಒಂದು ಕಾರಣ ಮಾತ್ರ. ನವೆಂಬರಿನಿಂದ ಬಿದ್ದು ಪದರ ಪದರವಾಗಿ ಕೂತದ್ದೆಲ್ಲ ಅದರ ಲೆಕ್ಕದೊಳಗೆ ಬರುತ್ತದೆ. ಹಾಗಾಗಿ ಹವಾಮಾನ ಹಸಿರಾಗಿ ಹಿಮ ಕಿತ್ತಳೆಯಾಗಿರುವ ದಿನಗಳು ಬೇಕಾದಷ್ಟು. ಪೋಸ್ಟ್‌ಕಾರ್ಡ್‌ಗೆ ಹೇಳಿ ಮಾಡಿಸಿದ ದಿನಗಳೇ ಅವು.

ಇನ್ನೊಂದು ಭ್ರಮೆ, ಮೂರು ಎಂದರೆ ಐದರಲ್ಲಿ ಮೂರು, ನಡುವಿನದು, ಪರವಾಗಿಲ್ಲ ಎನ್ನುವುದು. ಪರೀಕ್ಷೆಯಲ್ಲಿ ಸೆಕೆಂಡ್ ಕ್ಲಾಸ್ ಬಂದ ಹಾಗೆ. ಆದರೆ ಈ ಅಳತೆ ಸಮನಾದ ಮೆಟ್ಟಿಲುಗಳಲ್ಲ, ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಬಹಳ ಎತ್ತರ. ಸ್ವಿಟ್ಜರ್ಲೆಂಡಿನ ಲೆಕ್ಕ ಹೇಳುವುದು ಇದನ್ನು: ಚಳಿಗಾಲದ ಸುಮಾರು 30 ಶೇಕಡಾ ದಿನಗಳಲ್ಲಿ ಮಟ್ಟ ಮೂರು ಇರುತ್ತದೆ, ಹಿಮಕುಸಿತದ ಸಾವುಗಳಲ್ಲಿ ಸುಮಾರು ಅರ್ಧ ಆ ದಿನಗಳಲ್ಲೇ ಆಗುತ್ತವೆ. ನಾಲ್ಕು, ಐದು ಬಂದಾಗ ಜನ ಮನೆಯಲ್ಲಿರುತ್ತಾರೆ. ಒಂದರಲ್ಲಿ ಏನಾದರೂ ಆಗುವುದು ಅಪರೂಪ. ಮೂರರಲ್ಲಿ ಹೊರಗೂ ಹೋಗುತ್ತಾರೆ, ಬೆಟ್ಟವೂ ಸಿದ್ಧವಾಗಿರುತ್ತದೆ.

"ಚಿಕ್ಕಮ್ಮ, ಅಂಕಿ ನೋಡಿ ಮುಚ್ಚಬೇಡಿ, ಕೆಳಗೆ ಓದಿ" ಎಂದು ಹುಡುಗ ದಿನಾ ಗದರುತ್ತಿದ್ದ. ಕೆಳಗೆ ಇರುವುದೇ ಅಸಲು ವಿಷಯ. ಸಮಸ್ಯೆ ಯಾವುದು ಎಂದು ಅಲ್ಲಿ ಹೆಸರಿಟ್ಟು ಹೇಳಿರುತ್ತಾರೆ: ಹೊಸ ಹಿಮವೋ, ಗಾಳಿ ತಂದು ಪೇರಿಸಿದ ಹಿಮವೋ, ಒಳಗೆ ಹಳೆಯ ದುರ್ಬಲ ಪದರವೋ, ಕರಗಿ ಒದ್ದೆಯಾದ ಹಿಮವೋ, ಹುಲ್ಲಿನ ಮೇಲೆ ಇಡಿಯಾಗಿ ಜಾರುವ ಹಿಮವೋ. ಜೊತೆಗೆ ಎರಡು ಪುಟ್ಟ ಚಿತ್ರ. ಒಂದು ಬೆಟ್ಟದ್ದು: ಯಾವ ಎತ್ತರದಿಂದ ಮೇಲೆ ಅಪಾಯ ಎಂದು. ಇನ್ನೊಂದು ದಿಕ್ಸೂಚಿಯ ಹಾಗೆ ಎಂಟು ಹೋಳಿನ ಚಕ್ರ: ಯಾವ ದಿಕ್ಕಿಗೆ ಮುಖ ಮಾಡಿದ ಇಳಿಜಾರು ಎಂದು. ಈ ಚಕ್ರ ನನಗೆ ಒಂದೇ ದಿನದಲ್ಲಿ ಅರ್ಥವಾಯಿತು, ಕಾಫಿ ಬೆಳೆಯುವವರಿಗೆ ಅದನ್ನು ಕಲಿಸಬೇಕಿಲ್ಲ. ಪಡುವಣಕ್ಕೆ ಮುಖ ಮಾಡಿದ ಏರಿನ ಗಿಡ ಮಧ್ಯಾಹ್ನದ ಬಿಸಿಲಿಗೆ ಬಾಡುತ್ತದೆ, ಅಲ್ಲಿ ಮರ ಕಪಾತು ಮಾಡುವಾಗ ಕೈ ಹಿಡಿಯಬೇಕು, ಬಡಗಣ ಏರಿನಲ್ಲಿ ತೇವ ಆರುವುದೇ ಇಲ್ಲ. ತಿಮ್ಮಯ್ಯನವರ ಮನೆಗೆ 'ಸನ್ನಿ ಸೈಡ್' ಎಂದು ಹೆಸರಿಟ್ಟವರಿಗೂ ಯಾವ ಬದಿಗೆ ಬಿಸಿಲು ಬೀಳುತ್ತದೆ ಎಂದು ಗೊತ್ತಿತ್ತು. ಹಿಮದಲ್ಲೂ ಅಷ್ಟೇ. ಬಿಸಿಲು ಕಾಣದ ಉತ್ತರದ ಮುಖದಲ್ಲಿ ದುರ್ಬಲ ಪದರ ವಾರಗಟ್ಟಲೆ ಹಾಗೆಯೇ ಉಳಿಯುತ್ತದೆ, ದಕ್ಷಿಣದ ಮುಖ ಮಧ್ಯಾಹ್ನ ಒದ್ದೆಯಾಗಿ ಬೇರೆ ಥರ ಕೆಡುತ್ತದೆ.

ಮತ್ತೆ ಕೋನ. ಹಲಗೆಯಂತೆ ಒಡೆದು ಜಾರುವ ಹಿಮಕುಸಿತ ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಸಪಾಟಾದರೆ ನಿಲ್ಲುತ್ತದೆ, ತೀರ ಕಡಿದಾದರೆ ಹಿಮ ಕೂರುವುದೇ ಕಷ್ಟ, ಆಗಾಗ ಉದುರುತ್ತಿರುತ್ತದೆ. ಸ್ಕೀ ಮಾಡುವವರಿಗೆ ಇಷ್ಟವಾಗುವುದೂ ಇದೇ 30ರಿಂದ 40. ಮೊಬೈಲನ್ನು ಸ್ಕೀ ಕೋಲಿನ ಮೇಲಿಟ್ಟು ಕೋನ ಅಳೆಯಬಹುದು ಎಂದು ಅವನು ತೋರಿಸಿದ ದಿನ ನಾನು ತೋಟಕ್ಕೆ ಹೋಗಿ ಗುದ್ದಲಿ ಕಾವನ್ನು ನೆಲಕ್ಕೆ ಒರಗಿಸಿ ಒಂದೊಂದೇ ಏರು ಅಳೆದೆ. ಅಪ್ಪ 'ಕುತ್ತನೆ ಪಟ್ಟಿ' ಎಂದು ಕರೆಯುತ್ತಿದ್ದ ಜಾಗ 34 ಡಿಗ್ರಿ. ತೋಟದ ಕೆಲಸದವರಿರುವ ಲೈನ್ ಮನೆಗಳ ಮೇಲಿನ ಏರು 31.

ಆ ಅಂಕಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡನೆಯ ವರ್ಷ ಹೋದಾಗ ಚಿಲ್ಲೈ ಬಚ್ಚಾ ನಡೆಯುತ್ತಿತ್ತು. ಕಾಶ್ಮೀರದವರು ಚಳಿಯನ್ನು ನಮ್ಮ ಮಳೆ ನಕ್ಷತ್ರಗಳ ಹಾಗೆ ಎಣಿಸುತ್ತಾರೆ: ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕೊನೆಗೆ ಹತ್ತು ದಿನದ ಈ ಮರಿ ಚಳಿ. ಅದೇ ಗೈಡ್. ಈ ಸಲ ನಾನು ಕೇಳುವ ಪ್ರಶ್ನೆಗಳು ಬದಲಾಗಿದ್ದವು. ಕೊನೆಯ ಹಿಮ ಯಾವಾಗ ಬಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು, ಡಿಸೆಂಬರಿನಲ್ಲಿ ಎಷ್ಟಿತ್ತು? ಅವನಿಗೆ ಖುಷಿಯಾಯಿತೋ ತಲೆನೋವಾಯಿತೋ ಗೊತ್ತಿಲ್ಲ. ಸ್ಕೀ ಪಟ್ರೋಲ್‌ನವರ ಅವತ್ತಿನ ಸೂಚನೆಯನ್ನು ಮೊಬೈಲಿನಲ್ಲಿ ತೋರಿಸಿದ. ಮಟ್ಟ ಎರಡು. ಹಳದಿ. ಒಳಗೆ ಹಳೆಯ ದುರ್ಬಲ ಪದರ, ಅಲ್ಲಲ್ಲಿ ಮಾತ್ರ. "ಈ ಅಲ್ಲಲ್ಲಿ ಎಲ್ಲೆಲ್ಲಿ?" ಎಂದು ಕೇಳಿದೆ. "ಅಗೆದರೆ ಗೊತ್ತಾಗುತ್ತದೆ" ಎಂದ.

ಮೊದಲು ಕೆಳಗೆ ಒಂದು ಅಭ್ಯಾಸ. ಹಗ್ಗದಾಚೆ ಹೋಗುವವರು ಮೈಗೆ ಕಟ್ಟಿಕೊಳ್ಳುವ ಟ್ರಾನ್ಸೀವರ್ ಎಂಬ ಪೆಟ್ಟಿಗೆ ಇದೆ, ಹೂತುಹೋದವರ ಪೆಟ್ಟಿಗೆಯ ಸಂಕೇತವನ್ನು ಉಳಿದವರ ಪೆಟ್ಟಿಗೆ ಹಿಡಿಯುತ್ತದೆ. ಜೊತೆಗೆ ಚುಚ್ಚಿ ನೋಡುವ ಉದ್ದನೆಯ ಸಲಾಕೆ, ಅಗೆಯಲು ಸಲಿಕೆ. ಅವನು ಒಂದು ಚೀಲ ಹೂತಿಟ್ಟ. ನಾನು ಹುಡುಕಿ, ಚುಚ್ಚಿ, ಅಗೆದು ತೆಗೆಯುವಷ್ಟರಲ್ಲಿ ಹನ್ನೊಂದು ನಿಮಿಷ. ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು. ಚೀಲಕ್ಕೆ ಏನೂ ಆಗಿರಲಿಲ್ಲ. ಅವನು ಏನೂ ಹೇಳಲಿಲ್ಲ. ಇನ್ನೊಮ್ಮೆ ಹೂತಿಟ್ಟ.

ಮೇಲೆ, ನಾವು ಇಳಿಯಬೇಕೆಂದಿದ್ದ ಏರಿನ ಅಂಚಿನಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿದ ಸಣ್ಣ ಜಾಗದಲ್ಲಿ ಅವನು ಗುಂಡಿ ತೋಡಿದ. ನನ್ನ ಎದೆಯಷ್ಟು ಆಳ. ಮೇಲಿನ ಗೋಡೆಯನ್ನು ಸಲಿಕೆಯಿಂದ ನುಣ್ಣಗೆ ಕೆತ್ತಿದ ಮೇಲೆ ಪದರಗಳು ಕಾಣಿಸಿದವು, ರಸ್ತೆ ಕಡಿದ ಬರೆಯಲ್ಲಿ ಕೆಂಪು ಮಣ್ಣು, ಜೇಡಿ, ಕೊಳೆತ ಕಲ್ಲು ಒಂದರ ಮೇಲೊಂದು ಕಾಣುವ ಹಾಗೆ. ಬೆರಳಿನಿಂದ ಒತ್ತುತ್ತ ಬಾ ಎಂದ. ಮೇಲೆ ಮುಷ್ಟಿ ಹೋಗುವಷ್ಟು ಮೆತ್ತಗೆ, ಕೆಳಗೆ ನಾಲ್ಕು ಬೆರಳು, ಇನ್ನೂ ಕೆಳಗೆ ಒಂದೇ ಬೆರಳು. ಮೊಣಕೈ ಉದ್ದ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಕೈ ಇಡಿಯಾಗಿ ಒಳಗೆ ಹೋಯಿತು. ಹಿಡಿದು ತೆಗೆದೆ. ಪಾಪುಟ್ಟಿಗೆ ಒಡೆದ ಅಕ್ಕಿ ತರಿಯ ಹಾಗಿತ್ತು, ಒಣಗಿದ್ದು, ಒಂದಕ್ಕೊಂದು ಅಂಟದೆ ಬೆರಳ ಸಂದಿಯಿಂದ ಸುರಿದುಹೋಯಿತು. ಉಂಡೆ ಕಟ್ಟಲು ನೋಡಿದೆ, ಆಗಲಿಲ್ಲ. ಚಳಿಗಾಲದ ಆರಂಭದಲ್ಲಿ ಹಿಮ ತೆಳ್ಳಗಿದ್ದಾಗ, ತಿಳಿ ಆಕಾಶದ ಕೊರೆಯುವ ರಾತ್ರಿಗಳಲ್ಲಿ, ಕೆಳಗಿನ ನೆಲದ ಬಿಸುಪಿನಿಂದ ಆವಿ ಮೇಲೇರುತ್ತ ಕಣಗಳನ್ನು ಹೀಗೆ ಹರಳು ಮಾಡುತ್ತದೆ. ಆಮೇಲೆ ಬಿದ್ದ ಹಿಮವೆಲ್ಲ ಈ ತರಿಯ ಮೇಲೆ ಕೂತಿದೆ.

ಒಂದಡಿ ಅಗಲ, ಒಂದಡಿ ದಪ್ಪದ ಒಂದು ಕಂಬವನ್ನು ಗೋಡೆಯಿಂದ ಬಿಡಿಸಿ ಅದರ ತಲೆಯ ಮೇಲೆ ಸಲಿಕೆಯ ಎಲೆ ಇಟ್ಟ. ಮಣಿಕಟ್ಟಿನಿಂದ ಹತ್ತು ಪೆಟ್ಟು. ಏನೂ ಆಗಲಿಲ್ಲ. ಮೊಣಕೈಯಿಂದ ಒಂದು, ಎರಡು. ಮೂರನೆಯದಕ್ಕೆ ಕಂಬದ ಮೇಲಿನ ಭಾಗ ಆ ತರಿಯ ಮೇಲಿನಿಂದ ಡ್ರಾಯರ್ ಎಳೆದ ಹಾಗೆ ಮುಂದಕ್ಕೆ ಜಾರಿ ನನ್ನ ಮಡಿಲಿಗೆ ಬಂತು. ಒಡೆದ ಅಂಚು ಚಾಕುವಿನಿಂದ ಕತ್ತರಿಸಿದಷ್ಟು ನೇರ.

ನಾವು ಇಳಿಯಲಿಲ್ಲ. ವಾಪಸು ಹಗ್ಗದೊಳಗೆ ಬಂದು, ಎಲ್ಲರೂ ತುಳಿದ ಹಾದಿಯಲ್ಲಿ ಇಳಿದೆವು. ನಾವು ಚಹಾ ಕುಡಿಯುತ್ತಿದ್ದಾಗ ವಿದೇಶಿಯರ ಒಂದು ತಂಡ, ನಾವು ಬಿಟ್ಟ ಅದೇ ಏರಿನಲ್ಲಿ, ಒಬ್ಬರಾದ ಮೇಲೆ ಒಬ್ಬರು ಇಳಿದರು. ಬಿಳಿ ಹಾಳೆಯ ಮೇಲೆ ಐದು ಗೆರೆ ಮೂಡಿತು. ಏನೂ ಆಗಲಿಲ್ಲ. ಮರುದಿನ ಇನ್ನೂ ಏಳೆಂಟು ಗೆರೆ. ಆಗಲೂ ಏನೂ ಆಗಲಿಲ್ಲ.

ಇದನ್ನು ಬರೆಯುವಾಗ ಆ ಏರು ಸಂಜೆ ಕುಸಿಯಿತು ಎಂದು ಬರೆಯಬೇಕು ಎನ್ನಿಸುತ್ತದೆ. ಹಾಗಿದ್ದರೆ ಕಥೆ ನೆಟ್ಟಗಾಗುತ್ತಿತ್ತು. ಗುಲ್ಮಾರ್ಗ್‌ನಲ್ಲಿ ಹಾಗೆ ಆಗಿರುವುದೂ ಸುಳ್ಳಲ್ಲ: 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ಹಿಮದಡಿ ಸತ್ತರು. ಆದರೆ ನಾನು ಕಂಡ ಏರು ಕುಸಿಯಲಿಲ್ಲ. ನಾನು ದುಡ್ಡು ಕೊಟ್ಟು, ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ಮಾಡಿ, ಬೇರೆಯವರು ಖುಷಿಪಟ್ಟದ್ದನ್ನು ನೋಡಿ ಬಂದೆ. ಗೈಡ್‌ಗೆ ಕೇಳಿದೆ, ಹಾಗಾದರೆ ನಾವು ಹೋಗಬಹುದಿತ್ತೇ? ಅವನು ಚಹಾ ಲೋಟ ತಿರುಗಿಸುತ್ತ, ನೂರು ಸಲ ಹೋದರೆ ತೊಂಬತ್ತು ಸಲ ಏನೂ ಆಗದಿರಬಹುದು, ಅದಕ್ಕೇ ಜನ ಕಲಿಯುವುದಿಲ್ಲ ಎಂದ. ಸಿಕ್ಕಿಬಿದ್ದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಹಿಮಕುಸಿತವನ್ನು ಶುರು ಮಾಡಿದ್ದು ಅವರೋ ಅವರ ಜೊತೆಯವರೋ ಆಗಿರುತ್ತಾರೆ ಎಂದು ಅಕ್ಕನ ಮಗ ಹೇಳಿದ್ದು ಆಗ ನೆನಪಾಯಿತು.

ಈ 'ಏನೂ ಆಗಲಿಲ್ಲ' ಎನ್ನುವುದನ್ನು ಕೊಡಗಿನವರು ಚೆನ್ನಾಗಿ ಬಲ್ಲೆವು. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಕಡೆ ಗುಡ್ಡಗಳು ಜರಿದವು. ನಮ್ಮ ಮಳೆ ಪುಸ್ತಕದಲ್ಲಿ ಆ ತಿಂಗಳ 16ನೇ ತಾರೀಖಿನ ಎದುರು ಅಂಕಿಯಿಲ್ಲ. ಅಪ್ಪನ ಕೈಬರಹದಲ್ಲಿ 'ಬಾಟಲಿ ತುಂಬಿ ಹರಿದಿದೆ' ಎಂದಿದೆ, ಅಷ್ಟೇ. ಇಂಚು, ಸೆಂಟ್ ಎಂದು ನಲವತ್ತು ವರ್ಷ ತಪ್ಪದೆ ಬರೆದ ಮನುಷ್ಯ. ಮರುವರ್ಷ ತೋರ ಗ್ರಾಮ, ಅದರ ಮರುವರ್ಷ 2020ರ ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ. ಅಲ್ಲಿಂದೀಚೆಗೆ ಪ್ರತಿ ಮಳೆಗಾಲ ಅಲರ್ಟ್. ನೋಟಿಸ್ ಬರುತ್ತದೆ, ಕಾಳಜಿ ಕೇಂದ್ರಕ್ಕೆ ಹೋಗಿ ಎನ್ನುತ್ತಾರೆ, ಹೋಗುತ್ತಾರೆ, ಏನೂ ಆಗುವುದಿಲ್ಲ, ವಾಪಸು ಬರುತ್ತಾರೆ, ಮನೆಯಲ್ಲಿದ್ದ ಕೋಳಿ ನಾಯಿ ಪಾಲಾಗಿರುತ್ತದೆ. ನಾಲ್ಕನೆಯ ವರ್ಷ ಹೋಗುವುದಿಲ್ಲ. ಅವರನ್ನು ಬೈಯುವವರು ಒಮ್ಮೆ ಆ ಕೇಂದ್ರದ ಶೌಚಾಲಯ ನೋಡಿ ಬರಲಿ.

ಹಿಮವೂ ಮಣ್ಣೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ತರಿಯಂಥ ಪದರ ಒಬ್ಬರ ಭಾರಕ್ಕೆ ಕುಸಿಯುತ್ತದೆ, ಇಲ್ಲಿ ನೀರು ಕುಡಿದ ಮಣ್ಣು ತನ್ನ ಹಿಡಿತ ಬಿಡುತ್ತದೆ. ಇಲ್ಲಿ ನಾನು ಏರಿನ ಮೇಲೆ ನಡೆದರೆ ಗುಡ್ಡ ಜರಿಯುವುದಿಲ್ಲ. ಆದರೆ ಜೆಸಿಬಿ ತಂದು ಗುಡ್ಡದ ಕಾಲು ಕಡಿದು ಹೋಮ್‌ಸ್ಟೇಗೆ ಜಾಗ ಮಾಡಿದರೆ? 2018ರ ನಂತರ ಬಂದ ಭೂವೈಜ್ಞಾನಿಕ ಸರ್ವೇಕ್ಷಣೆಯವರೂ ಇಳಿಜಾರು ಕಡಿದದ್ದನ್ನೇ ಬೊಟ್ಟು ಮಾಡಿದ್ದರು. ಲೈನ್ ಮನೆಗಳ ಮೇಲಿನ 31 ಡಿಗ್ರಿ ಏರಿನ ಬುಡವನ್ನು ಪಿಕಪ್ ತಿರುಗಿಸಲು ಜಾಗ ಬೇಕೆಂದು ಕಡಿಸಿದ್ದು ನಾನೇ, 2015ರಲ್ಲಿ. ಬೇರೆ ಯಾರ ಮೇಲೂ ಹಾಕಲು ಬರುವುದಿಲ್ಲ.

ಗುಲ್ಮಾರ್ಗ್‌ನಿಂದ ಬಂದ ವರ್ಷ ಆ ಏರನ್ನು ಹತ್ತಿ ನೋಡಿದೆ. ಮೇಲೆ ಸಿಲ್ವರ್ ಓಕ್ ಸಾಲಿನ ಪಕ್ಕ, ತರಗೆಲೆಯ ಅಡಿಯಲ್ಲಿ, ಬಿಲ್ಲಿನ ಆಕಾರದ ಬಿರುಕು. ಕಿರುಬೆರಳು ಹೋಗುವಷ್ಟು. ಎಷ್ಟು ಕಾಲದಿಂದ ಇತ್ತೋ. ಬಿರುಕಿಗೆ ಮಣ್ಣು ತುಂಬಿಸಿ, ನೀರು ಇಳಿಯದಂತೆ ಪ್ಲಾಸ್ಟಿಕ್ ಹೊದಿಸಿ, ಮೇಲಿನಿಂದ ಬರುವ ನೀರನ್ನು ಕೊಲ್ಲಿಯ ಕಡೆಗೆ ತಿರುಗಿಸಿದೆವು. ಬಿರುಕಿನ ಆಚೆ ಒಂದು, ಈಚೆ ಒಂದು ಕಬ್ಬಿಣದ ಗೂಟ ಹೊಡೆಸಿದೆ. ನಡುವಿನ ಅಂತರಕ್ಕೆ ಮಳೆ ಪುಸ್ತಕದಲ್ಲಿ ಇಂಚು ಸೆಂಟ್ ಪಕ್ಕದಲ್ಲೇ ಈಗ ಇನ್ನೊಂದು ಸಾಲು. ಲೈನ್ ಮನೆಗಳಲ್ಲಿ ಮೇಲಿನ ಎರಡನ್ನು ಮಳೆಗಾಲಕ್ಕೆ ಖಾಲಿ ಮಾಡಿಸಿ ಗೋದಾಮಿನ ಅರ್ಧ ಭಾಗಕ್ಕೆ ಕಳುಹಿಸಿದೆ. ಎರಡು ಮಳೆಗಾಲ ಕಳೆಯಿತು. ಅಂತರ ಕದಲಿಲ್ಲ. ಗೋದಾಮಿನಲ್ಲಿ ಇಲಿ ಕಾಟ ಎಂದು ಅವರು, ಕಾಳುಮೆಣಸು ಇಡಲು ಜಾಗವಿಲ್ಲ ಎಂದು ಅಮ್ಮ. ದೊಡ್ಡಪ್ಪ ಮಾತ್ರ ಬಂದಾಗಲೆಲ್ಲ ಮೊದಲು ಆ ಪುಸ್ತಕ ತೆಗೆದು ನೋಡುತ್ತಾರೆ, ಏನೂ ಹೇಳುವುದಿಲ್ಲ.

ಈ ಸಲ ಆಶ್ಲೇಷ ಮಳೆ ಐದು ದಿನ ಹೊಡೆಯಿತು. ಆರನೆಯ ದಿನ ಬೆಳಗ್ಗೆ ಬಿಸಿಲು. ಅಂಗಳದಲ್ಲಿ ಆವಿ ಏಳುತ್ತಿತ್ತು, ಅಮ್ಮ ಕಂಬಳಿ ಹೊರಗೆ ಹಾಕುತ್ತಿದ್ದರು. ಗೋದಾಮಿನಿಂದ ಕೆಲಸದ ಹೆಂಗಸೊಬ್ಬಳು ಚಾಪೆ ಸುತ್ತಿ ಕಂಕುಳಲ್ಲಿ ಇರುಕಿಕೊಂಡೇ ಬಂದಿದ್ದಳು.

"ಅಕ್ಕಾ, ಇವತ್ತು ಯಾವ ಬಣ್ಣ?"

ಮೊಬೈಲ್ ನೋಡಿದೆ. "ಹಸಿರು."

"ಹಾಗಾದರೆ ಮನೆಗೆ ಹೋಗಬಹುದಲ್ಲ?"

ಚಾಪೆ ಕೆಳಗಿಡು ಎಂದು ಹೇಳಿ, ಗೋಡೆಗೆ ನೇತುಹಾಕಿದ್ದ ಟೇಪು ತೆಗೆದುಕೊಂಡು, ಗಮ್‌ಬೂಟು ಹಾಕಿಕೊಂಡು ಏರು ಹತ್ತತೊಡಗಿದೆ. ಅವಳು ಚಾಪೆ ಕೆಳಗಿಡದೆ ಹಿಂದೆಯೇ ಬಂದಳು. ಜಿಗಣೆ ಬಹಳ ಇದ್ದವು.